ದಂಡಿನ ವಾದ್ಯಗಳ ಮೌನ

ಕಳೆದ ಜಾತ್ರೆಗಳ ಕಾಲದಲ್ಲಿ ಕಲ್ಲಡ್ಕದ ಪೇಟೆಯಲ್ಲಿ ಒಂದು ಮೆರವಣಿಗೆಯನ್ನು ನಿಂತು ನೋಡುವ ಸಂದರ್ಭವು ನಮಗೊದಗಿತು. ಎಲ್ಲಕ್ಕೂ ಮುಂಗಡೆಯಲ್ಲಿ ಈ ಊರಿನ ಹೆಸರನ್ನು ನಾಡೆಲ್ಲ ಹಬ್ಬಿಸಿದ ಆಳೆತ್ತರವನ್ನು ಮೀರಿದ ಗೊಂಬೆಗಳು. ಅವುಗಳ ಬೆನ್ನಿಗೆ ಚೆಂಡೆಯವರು. ಆ ಬಳಿಕ ಒಂದು ಲಾರಿಯ ಮೇಲೆ ಗೋಡೆಯಂತೆ ಪೇರಿಸಿಟ್ಟ ಧ್ವನಿಪೆಟ್ಟಿಗೆಗಳು. ಆ ಪೆಟ್ಟಿಗೆಗಳಿಂದ ಹೊರಟ ಸದ್ದಿಗೆ ಅಂಗಡಿಗಳ ಗಾಜಿನ ಭರಣಿಗಳು ಅದುರುತ್ತಿದ್ದುವು. ಕಟ್ಟಕಡೆಗೆ, ಬಣ್ಣಗೆಟ್ಟ ಕೆಂಪು ಅಂಗಿಯನ್ನೂ ಜರಿಪಟ್ಟಿಯ ಟೋಪಿಯನ್ನೂ ಧರಿಸಿದ ಏಳೆಂಟು ಮಂದಿ ಬ್ಯಾಂಡಿನವರು ಹೆಜ್ಜೆ ಹಾಕುತ್ತಿದ್ದರು. ಅವರ ಕೆನ್ನೆಗಳು ಉಬ್ಬುತ್ತಿದ್ದುದು ಕಣ್ಣಿಗೆ ಕಾಣುತ್ತಿತ್ತೇ ಹೊರತು ಅವರು ಊದುತ್ತಿದ್ದುದೇನೆಂಬುದು ಯಾರ ಕಿವಿಗೂ ಮುಟ್ಟುವಂತಿರಲಿಲ್ಲ.

ಅವರಲ್ಲೊಬ್ಬರು, ವಯೋವೃದ್ಧರು, ದೊಡ್ಡ ಹಿತ್ತಾಳೆಯ ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು ಚಹದಂಗಡಿಯ ಬೆಂಚಿನ ಮೇಲೆ ಕುಳಿತುಬಿಟ್ಟಿದ್ದರು. “ಏನು ಮಾಸ್ತರರೇ, ಊದುವುದನ್ನು ನಿಲ್ಲಿಸಿಬಿಟ್ಟಿರೋ?” ಎಂದು ಕೇಳಿದೆವು. “ಊದಿದರೂ ಅಷ್ಟೆ, ಊದದಿದ್ದರೂ ಅಷ್ಟೆ, ಸ್ವಾಮೀ. ಕೇಳಲಿಕ್ಕೆ ಎಡೆಯೇ ಇಲ್ಲ,” ಎಂದರು. ಮಗನಿಗೆ ಈ ವಿದ್ಯೆಯನ್ನು ಕಲಿಸಿದ್ದೀರೋ ಎಂದು ವಿಚಾರಿಸಲಾಗಿ, ಅವರು ಮುಂದೆ ಸಾಗುತ್ತಿದ್ದ ಲಾರಿಯತ್ತ ಗದ್ದವನ್ನೆತ್ತಿ ತೋರಿಸಿ, “ಅವನು ಅದರ ಮೇಲೆಯೇ ಇದ್ದಾನೆ, ತಂತಿ ಜೋಡಿಸುವ ಕೆಲಸಕ್ಕೆ,” ಎಂದರು.

ಈ ಮಾತು ನಮ್ಮ ಮನಸ್ಸಿನಲ್ಲಿ ಬಹು ದಿನಗಳವರೆಗೆ ಉಳಿಯಿತು. ಆ ವೃದ್ಧರು ತೊಟ್ಟಿದ್ದ ಕೆಂಪು ಅಂಗಿಯು ಕಲ್ಲಡ್ಕದಲ್ಲಿ ಹುಟ್ಟಿದುದಲ್ಲ. ಪೇಟೆಯ ಸಿಂಪಿಗನು ಕಲ್ಪಿಸಿಕೊಂಡುದೂ ಅಲ್ಲ. ಅದು ಪಲ್ಟಣಗಳ ಬ್ಯಾಂಡಿನವರ ಉಡುಪಿನ ದೂರದ ನೆರಳು. ಅವರ ತೊಡೆಯ ಮೇಲಿದ್ದ ವಾದ್ಯವೂ ದಂಡಿನೊಡನೆ ಬಂದುದು. ಮದುವೆ, ದಿಬ್ಬಣ, ಜಾತ್ರೆ, ಇಗರ್ಜಿಯ ಹಬ್ಬ, ಕಂಬಳದ ಕೋಣಗಳ ಮೆರವಣಿಗೆ, ಇವುಗಳಲ್ಲೆಲ್ಲ ನಮ್ಮ ಜಿಲ್ಲೆಯವರು ಕೇಳುತ್ತ ಬಂದ ಬ್ಯಾಂಡಿನ ಮೇಳವು ಸೈನ್ಯದ ವಾದ್ಯಮೇಳದ ಮಗು. ತಾಯಿಯೇ ಸೊರಗುತ್ತಿರುವಾಗ ಮಗುವು ಹೇಗೆ ಬಾಳೀತು? ಆದುದರಿಂದ ಈ ವಿಷಯವನ್ನು ಕುರಿತು ವಾಚಕರೊಡನೆ ನಾಲ್ಕು ಮಾತುಗಳನ್ನಾಡುವುದು ಅಪ್ರಸ್ತುತವಾಗಲಾರದೆಂದು ನಂಬಿದ್ದೇವೆ.

ದಂಡಿಗೆ ವಾದ್ಯವೇಕೆ?

ಸೈನ್ಯಕ್ಕೆ ಸಂಗೀತವು ಅಲಂಕಾರವೆಂದು ಅನೇಕರು ಭಾವಿಸಿರುವರು. ಇದು ತಪ್ಪು ತಿಳಿವಳಿಕೆ. ತಂತಿಯೂ ನಿಸ್ತಂತುವೂ ಇಲ್ಲದಿದ್ದ ಕಾಲದಲ್ಲಿ ರಣರಂಗದ ಗದ್ದಲವನ್ನು ಸೀಳಿಕೊಂಡು ಸೇನಾಪತಿಯ ಆಜ್ಞೆಯನ್ನು ಸಾವಿರಾರು ಜನರ ಕಿವಿಗೆ ಮುಟ್ಟಿಸುವ ಸಾಧನವು ಕಹಳೆ ಮತ್ತು ನಗಾರಿಗಳ ಹೊರತು ಬೇರೊಂದಿರಲಿಲ್ಲ. ಏಳುವುದು, ಉಣ್ಣುವುದು, ಮುನ್ನುಗ್ಗುವುದು, ಹಿಮ್ಮೆಟ್ಟುವುದು, ದೀಪ ನಂದಿಸುವುದು, ಇವೆಲ್ಲಕ್ಕೂ ಒಂದೊಂದು ಕೂಗು ಗೊತ್ತಾಗಿತ್ತು. ನಿಮಿಷಕ್ಕೆ ಸುಮಾರು ೧೨೦ ಹೆಜ್ಜೆಗಳ ನಡಿಗೆಯನ್ನು ಮೈಲಿಗಟ್ಟಲೆ ಕೆಡದಂತೆ ಕಾಪಾಡುತ್ತಿದ್ದುದು ಮದ್ದಳೆಯ ಪೆಟ್ಟು. ಕಾಳಗವು ಆರಂಭವಾದೊಡನೆ ವಾದಕರು ತಮ್ಮ ವಾದ್ಯಗಳನ್ನು ಕೆಳಗಿಟ್ಟು ಗಾಯಾಳುಗಳನ್ನು ಡೋಲಿಯಲ್ಲಿ ಹೊತ್ತು ತರುವ ಕಾರ್ಯಕ್ಕೆ ತೊಡಗುವುದು ಅನೇಕ ಸೈನ್ಯಗಳ ಪದ್ಧತಿ. ಹೀಗೆ ಬ್ಯಾಂಡಿನವನು ಸಂತೋಷದ ಆಳೂ ಹೌದು, ಸಂಕಟದ ಆಳೂ ಹೌದು.

ಈ ವಾದ್ಯಮೇಳವು ಪಶ್ಚಿಮದಿಂದ ನಮಗೆ ಬಂದ ದಾನವೆಂದು ತಿಳಿಯುವವರು ಇನ್ನೊಂದು ಸಂಗತಿಯನ್ನು ನೆನೆಯಬೇಕು. ಐರೋಪ್ಯರು ತಮ್ಮ ಸೈನ್ಯಗಳಲ್ಲಿ ದೊಡ್ಡ ಮದ್ದಳೆಯನ್ನೂ ಕಂಚಿನ ತಾಳವನ್ನೂ ಸೇರಿಸಿಕೊಂಡುದು ೧೮ನೆಯ ಶತಮಾನದಲ್ಲಿ, ತುರ್ಕರ ಜಾನಿಸರಿ ಪಡೆಗಳ ಮೇಳವನ್ನು ಕೇಳಿದ ಮೇಲೆ. ಅದಕ್ಕಿಂತಲೂ ಹಿಂದೆ ನಗಾರಿಯೂ ಪೂರ್ವದೇಶಗಳಿಂದಲೇ ಅಲ್ಲಿಗೆ ಹೋಗಿ, ತನ್ನ ಹೆಸರನ್ನು ಕೂಡ ಅವರ ಭಾಷೆಗಳಲ್ಲಿ ಬಿಟ್ಟಿತು. ಆ ತುರ್ಕರ ಮೇಳವು ೧೮೨೬ರಲ್ಲಿ ಜಾನಿಸರಿ ಪಡೆಯೊಡನೆಯೇ ರದ್ದಾಯಿತು. ಆದರೆ ಅದರ ಸಂತಾನವು ಯೂರೋಪಿನ ಎಲ್ಲ ಪಲ್ಟಣಗಳಲ್ಲಿ ಬೆಳೆದು, ಕಂಪೆನಿಯ ಸೈನ್ಯದೊಡನೆ ನಮ್ಮ ನಾಡಿಗೆ ಬಂತು. ಹೋದುದು ನಗಾರಿ, ಬಂದುದು ಬ್ಯಾಂಡು. ಕೊಟ್ಟವರು ಯಾರು, ಕೊಂಡವರು ಯಾರು ಎಂಬ ಲೆಕ್ಕವು ಸುಲಭವಾದುದಲ್ಲ.

ಮೊದಲಿಗೆ ಅವರಲ್ಲಿಯೂ ವ್ಯವಸ್ಥೆಯೆಂಬುದಿರಲಿಲ್ಲ. ೧೮೫೪ರಲ್ಲಿ ಕ್ರಿಮಿಯಾ ಯುದ್ಧಕ್ಕೆಂದು ಹೊರಟ ಆಂಗ್ಲ ಸೈನ್ಯವು ತುರ್ಕಿಯ ಸ್ಕೂಟಾರಿಯಲ್ಲಿ ತಮ್ಮ ರಾಣಿಯ ಹುಟ್ಟುಹಬ್ಬವನ್ನು ಆಚರಿಸಿದಾಗ, ಪಲ್ಟಣಗಳ ಬ್ಯಾಂಡುಗಳೆಲ್ಲ ಒಂದೇ ರಾಷ್ಟ್ರಗೀತೆಯನ್ನು ತಮತಮಗೆ ತೋರಿದ ಬೇರೆ ಬೇರೆ ಶ್ರುತಿಗಳಲ್ಲಿ ನುಡಿಸಿ ಮಿತ್ರರಾಷ್ಟ್ರಗಳ ಸೇನಾನಿಗಳೆದುರಿನಲ್ಲಿ ನಗೆಗೀಡಾದುವೆಂದು ಪ್ರಸಿದ್ಧವಾಗಿದೆ. ಈ ಅವಮಾನದಿಂದ ಪಾಠ ಕಲಿತು ಅವರು ೧೮೫೭ರಲ್ಲಿ ಲಂಡನ್ನಿನ ಬಳಿಯ ನೆಲ್ಲರ್ ಹಾಲಿನಲ್ಲಿ ಸೈನಿಕ ಸಂಗೀತದ ಶಾಲೆಯೊಂದನ್ನು ತೆರೆದರು. ಒಂದು ಅಪಸ್ವರವನ್ನು ರಾಷ್ಟ್ರದ ಮಾನದ ಪ್ರಶ್ನೆಯೆಂದು ಬಗೆದ ಆ ಜನರ ಬುದ್ಧಿಯು ಮೆಚ್ಚತಕ್ಕದ್ದು.

ಪರರ ವಾದ್ಯ, ನಮ್ಮ ನಾದ

ದಕ್ಷಿಣ ದೇಶದ ಸಂಗೀತವು ಈ ದಂಡಿನ ಮೇಳಗಳಿಗೆ ಎಷ್ಟು ಋಣಿಯಾಗಿದೆಯೆಂಬುದನ್ನು ನಮ್ಮ ಸಂಗೀತ ಸಭೆಗಳು ಸಾಮಾನ್ಯವಾಗಿ ಮರೆತಿರುತ್ತವೆ. ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ ಐರೋಪ್ಯ ಬ್ಯಾಂಡು ನುಡಿಸುತ್ತಿದ್ದ ಮಟ್ಟುಗಳನ್ನು ಕೇಳಿ ಮುತ್ತುಸ್ವಾಮಿ ದೀಕ್ಷಿತರು ಅವುಗಳಿಗೆ ಸಂಸ್ಕೃತದ ಸಾಹಿತ್ಯವನ್ನು ಜೋಡಿಸಿದರು. ನೊಟ್ಟುಸ್ವರಗಳೆಂದು ಪ್ರಸಿದ್ಧವಾದ ಆ ರಚನೆಗಳನ್ನು ಇಂದಿಗೂ ಮಕ್ಕಳಿಗೆ ಕಲಿಸುತ್ತಾರೆ. ಅವರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಐರೋಪ್ಯ ವಾದಕರಿಂದ ಪಿಟೀಲನ್ನು ಕಲಿತು ಅದನ್ನು ನಮ್ಮ ಪದ್ಧತಿಗೆ ತಿದ್ದಿಕೊಂಡರು. ಇಂದು ಪಿಟೀಲಿಲ್ಲದೆ ಕರ್ನಾಟಕ ಸಂಗೀತದ ಕಚೇರಿಯು ನಡೆಯುವುದುಂಟೆ? ಅದನ್ನು ಪರದೇಶದ ವಾದ್ಯವೆಂದು ಯಾರಾದರೂ ದೂರವಿಡುವರೆ? ಕ್ಲಾರಿಯೊನೆಟ್ಟೂ ಇದೇ ಹಾದಿಯನ್ನು ಹಿಡಿದು ಮೊದಲು ನಾಟ್ಯದ ಮೇಳಕ್ಕೆ, ಆ ಬಳಿಕ ಕಚೇರಿಗೆ ಬಂದಿತು.

ನಮ್ಮ ಕನ್ನಡ ನಾಡಿನಲ್ಲಿ ಈ ಕಾರ್ಯವನ್ನು ವ್ಯವಸ್ಥಿತವಾಗಿ ನಡೆಯಿಸಿದ ಕೀರ್ತಿಯು ಮೈಸೂರು ಅರಮನೆಗೆ ಸಲ್ಲಬೇಕು. ಅಲ್ಲಿನ ವಾದ್ಯಮೇಳದ ಮೂಲವನ್ನು ೧೮೬೮ಕ್ಕೆ, ಎಂದರೆ ಮುಮ್ಮಡಿ ಕೃಷ್ಣರಾಜ ಒಡೆಯರು ದಿವಂಗತರಾದ ವರ್ಷಕ್ಕೆ ಒಯ್ದು ಹೇಳುವರು. ಕಾಲಕ್ರಮದಲ್ಲಿ ಅದು ಎರಡು ಶಾಖೆಗಳಾಗಿ ಬೆಳೆಯಿತು. ಒಂದು ಇಂಗ್ಲಿಷ್ ಬ್ಯಾಂಡು. ಇನ್ನೊಂದು ಕರ್ನಾಟಕ ಬ್ಯಾಂಡು. ಒಂದರಲ್ಲಿ ಪಾಶ್ಚಾತ್ಯ ಸ್ವರಲಿಪಿ ಮತ್ತು ಹಿತ್ತಾಳೆಯ ವಾದ್ಯಗಳು. ಇನ್ನೊಂದರಲ್ಲಿ ಬ್ಯಾಂಡಿನ ಶಿಸ್ತಿನೊಡನೆ ನಮ್ಮ ರಾಗತಾಳಗಳು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಇವೆರಡೂ ಉಚ್ಛ್ರಾಯಕ್ಕೇರಿದುವು. ಜರ್ಮನ್ ದೇಶದ ಒಟ್ಟೊ ಸ್ಮಿತ್ ಎಂಬವರು ಪಾಶ್ಚಾತ್ಯ ವಾದ್ಯಮೇಳವನ್ನು ನಡೆಯಿಸಿದರು. ವೈಣಿಕ ವಿದ್ವಾನ್ ವೆಂಕಟಗಿರಿಯಪ್ಪನವರು ಕರ್ನಾಟಕ ಮೇಳದ ಹೊಣೆಯನ್ನು ಹೊತ್ತು, ‘ನಗ್ಮ’ಗಳೆಂಬ ಹೊಸ ಬಗೆಯ ರಚನೆಗಳನ್ನು ವಾದ್ಯಗಳಿಗೆಂದೇ ರಚಿಸಿದರು. ಬಸವಪ್ಪ ಶಾಸ್ತ್ರಿಗಳು ಬರೆದ ‘ಕಾಯೌ ಶ್ರೀ ಗೌರಿ’ ಎಂಬ ಸಂಸ್ಥಾನಗೀತೆಯು ಈ ಮೇಳಗಳ ಮುಖದಿಂದ ಹೊರಟು ದರಬಾರಿನ ಹಜಾರವನ್ನೂ ದಸರೆಯ ಬೀದಿಗಳನ್ನೂ ತುಂಬುತ್ತಿತ್ತು.

ಜಯಚಾಮರಾಜ ಒಡೆಯರ ಕಾಲಕ್ಕೆ ಈ ಅಭಿರುಚಿಯು ಸಮುದ್ರವನ್ನೂ ದಾಟಿತು. ರಷ್ಯದ ವಾಗ್ಗೇಯಕಾರ ಮೆಟ್ನರನ ಕೃತಿಗಳನ್ನು ಧ್ವನಿಮುದ್ರಿಸುವುದಕ್ಕಾಗಿ ಅವರು ಹಣವಿತ್ತು ಪೋಷಿಸಿದರು. ಆತನು ತನ್ನ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದನು. ೧೯೫೦ರ ಮೇ ೨೨ರಂದು ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರಾಸನ ಕಡೆಯ ನಾಲ್ಕು ಗೀತೆಗಳ ಪ್ರಥಮ ಪ್ರಯೋಗವು ನಡೆದುದು ಇವರ ನೆರವಿನಿಂದಲೇ. ಅದೇ ಮಹಾರಾಜರು ಇತ್ತ ಕನ್ನಡ ನೆಲದಲ್ಲಿ ನಿಂತು ಕರ್ನಾಟಕ ಪದ್ಧತಿಯ ಕೀರ್ತನೆಗಳನ್ನು ರಚಿಸಿದವರು. ಎರಡು ಬ್ಯಾಂಡುಗಳ ನಾದದ ನಡುವೆ ಬೆಳೆದ ಮನಸ್ಸಿಗೆ ಎರಡು ಸಂಗೀತಗಳೂ ಮನೆಯವಾಗಿದ್ದುದರಲ್ಲಿ ಆಶ್ಚರ್ಯವೇನು?

ಸಜಿಪದ ಬಾಲಕ

ಮೈಸೂರಿನ ಮಾತನ್ನು ನಮ್ಮ ಬಂಟ್ವಾಳ ತಾಲೂಕಿನ ವಾಚಕರಿಗೆ ಹೇಳುವುದಕ್ಕೆ ಒಂದು ವಿಶೇಷ ಕಾರಣವುಂಟು. ಕಲ್ಲಡ್ಕದ ಪೇಟೆಯನ್ನು ದಾಟಿ ಪೂರ್ವಕ್ಕೆ ಹೋದರೆ ಮಾಣಿಯಲ್ಲಿ ಹೆದ್ದಾರಿಯು ಕವಲೊಡೆಯುತ್ತದೆ. ಒಂದು ಕವಲು ಪುತ್ತೂರು, ಸುಳ್ಯ, ಮಡಿಕೇರಿಗಳ ಮೂಲಕ ಮೈಸೂರನ್ನು ಸೇರುತ್ತದೆ. ಕಲ್ಲಡ್ಕದಿಂದ ಪಶ್ಚಿಮಕ್ಕೆ ಹೋದರೆ, ಪಾಣೆಮಂಗಳೂರಿನ ಆಸುಪಾಸಿನಲ್ಲಿ ಸಜಿಪಮೂಡವೆಂಬ ಗ್ರಾಮವಿದೆ. ೧೯೪೯ರಲ್ಲಿ ಆ ಗ್ರಾಮದಲ್ಲಿ, ನಾಗಸ್ವರ ವಿದ್ವಾಂಸರಾದ ತನಿಯಪ್ಪನವರ ಮನೆಯಲ್ಲಿ ಒಬ್ಬ ಮಗನು ಹುಟ್ಟಿದನು. ತಂದೆಯಿಂದ ನಾಗಸ್ವರದ ಪಾಠವಾಯಿತು. ಎಳವೆಯಲ್ಲಿ ಒಮ್ಮೆ ಆ ಬಾಲಕನು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನಿನ ದನಿಯನ್ನು ಕೇಳಿದನು. ಆ ದನಿಯು ಅವನನ್ನು ಬಿಡಲಿಲ್ಲ.

ಆ ಬಾಲಕನೇ ಕದ್ರಿ ಗೋಪಾಲನಾಥರು. ಬೆಲ್ಜಿಯಮಿನ ಅಡಾಲ್ಫ್ ಸ್ಯಾಕ್ಸ್ ಎಂಬಾತನು ೧೮೪೬ರಲ್ಲಿ ಹಕ್ಕುಪತ್ರವನ್ನು ಪಡೆದ ಆ ವಾದ್ಯವು ಮುಖ್ಯವಾಗಿ ಸೈನಿಕ ಬ್ಯಾಂಡುಗಳಲ್ಲಿ ಆಶ್ರಯ ಪಡೆದುದು. ಗಮಕವೇ ಪ್ರಾಣವಾದ ನಮ್ಮ ಸಂಗೀತವನ್ನು ಒತ್ತುಗುಂಡಿಗಳ ಆ ಲೋಹದ ಕೊಳವೆಯಲ್ಲಿ ನುಡಿಸುವುದು ಅಸಾಧ್ಯವೆಂದು ಬಲ್ಲವರು ಹೇಳುತ್ತಿದ್ದರು. ಮಂಗಳೂರಿನ ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರರ ಬಳಿಯಲ್ಲಿಯೂ, ಮುಂದೆ ಮದ್ರಾಸಿನಲ್ಲಿ ಟಿ. ವಿ. ಗೋಪಾಲಕೃಷ್ಣನ್ ಅವರ ಬಳಿಯಲ್ಲಿಯೂ ಶಿಷ್ಯವೃತ್ತಿಯನ್ನು ನಡೆಯಿಸಿ, ಸುಮಾರು ಎರಡು ದಶಕಗಳ ಸಾಧನೆಯಿಂದ ಅವರು ಆ ಅಸಾಧ್ಯವನ್ನು ಸಾಧಿಸಿದರು. ೧೯೯೪ರಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಬಿ.ಬಿ.ಸಿ.ಯ ಪ್ರೊಮೆನೇಡ್ ಉತ್ಸವಕ್ಕೆ ಆಹ್ವಾನಿತರಾದ ಮೊದಲ ಕರ್ನಾಟಕ ಸಂಗೀತ ವಿದ್ವಾಂಸರು ಇವರೇ. ೨೦೦೪ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಇವರಿಗೆ ಸಂದಿತು. ೨೦೧೯ರ ಅಕ್ಟೋಬರ್ ೧೧ರಂದು ಮಂಗಳೂರಿನಲ್ಲಿ ಇವರು ಕಾಲವಾದರು.

ಇಂದು ನಮ್ಮ ಜಿಲ್ಲೆಯ ದೇವಸ್ಥಾನಗಳಲ್ಲಿ, ಮದುವೆಯ ಚಪ್ಪರಗಳಲ್ಲಿ, ನಾಗಸ್ವರದ ಎಡೆಯಲ್ಲಿ ಸ್ಯಾಕ್ಸೊಫೋನು ಮಂಗಳವಾದ್ಯವಾಗಿ ಕುಳಿತಿದೆ. ಅದನ್ನು ನುಡಿಸಿ ಸಂಸಾರವನ್ನು ನಡೆಯಿಸುವ ಕುಟುಂಬಗಳು ಈ ಸೀಮೆಯಲ್ಲಿ ಅನೇಕವಿವೆ. ಇದೆಲ್ಲಕ್ಕೂ ಬೀಜವಾವುದು? ಒಂದು ಬ್ಯಾಂಡು ಬಯಲಿನಲ್ಲಿ ನುಡಿಸಿದುದು; ಹಳ್ಳಿಯ ಒಬ್ಬ ಹುಡುಗನು ಅದನ್ನು ಕೇಳಿದುದು; ಇಷ್ಟೇ. ಸಭಾಮಂದಿರದ ಕಚೇರಿಗೆ ಚೀಟಿ ಬೇಕು, ಅಂಗಿ ಬೇಕು, ಪರಿಚಯ ಬೇಕು. ಬ್ಯಾಂಡನ್ನು ಕೇಳುವುದಕ್ಕೆ ಎರಡು ಕಿವಿಗಳು ಸಾಕು. ಬಡವನ ಮಗನಿಗೂ ಅಧಿಕಾರಿಯ ಮಗನಿಗೂ ಏಕಕಾಲದಲ್ಲಿ ತೆರೆದಿರುವ ಸಂಗೀತಶಾಲೆಯು ಅದೊಂದೇ.

ಇಳಿಗತಿಯ ಕಾರಣಗಳು

ಇಂತಹ ಶಾಲೆಯು ಈಗ ಎಲ್ಲೆಡೆಯೂ ಮುಚ್ಚುತ್ತ ಬಂದಿದೆ. ಮೊದಲನೆಯ ಕಾರಣವು ಯಂತ್ರ. ಆಜ್ಞೆಯನ್ನು ನಿಸ್ತಂತುವು ಒಯ್ಯತೊಡಗಿದ ಮೇಲೆ, ದಂಡು ಕಾಲ್ನಡೆಯನ್ನು ಬಿಟ್ಟು ಮೋಟಾರನ್ನೇರಿದ ಮೇಲೆ, ಮದ್ದಳೆಗೂ ಕಹಳೆಗೂ ಯುದ್ಧದಲ್ಲಿ ಕೆಲಸವುಳಿಯಲಿಲ್ಲ. ಕೆಲಸವಿಲ್ಲದವನನ್ನು ಆಯವ್ಯಯದ ಲೆಕ್ಕಿಗನು ಬಹುಕಾಲ ಸಹಿಸಲಾರನು. ಬ್ರಿಟನ್ನಿನಲ್ಲಿ ೧೯೯೪ರಲ್ಲಿ ಸೈನ್ಯದ ವಾದಕರನ್ನೆಲ್ಲ ಒಂದೇ ವಿಭಾಗಕ್ಕೆ ಸೇರಿಸಿದರು. ಅದರೊಡನೆ ಅನೇಕ ಪಲ್ಟಣಗಳ ಬ್ಯಾಂಡುಗಳು ಒಂದರಲ್ಲೊಂದು ಲೀನವಾದುವು ಅಥವಾ ಮರೆಯಾದುವು. ಅಷ್ಟು ಅಭಿಮಾನದಿಂದ ತೆರೆದಿದ್ದ ನೆಲ್ಲರ್ ಹಾಲನ್ನು ೨೦೨೧ರಲ್ಲಿ ಸೈನ್ಯವು ತೆರವು ಮಾಡಿತು. ಅಮೇರಿಕದಲ್ಲಿ ಸತ್ತ ಯೋಧರ ಉತ್ತರಕ್ರಿಯೆಗೆ ಕಹಳೆಯೂದುವವರು ಸಾಲದೆ ಬಂದುದರಿಂದ, ೨೦೦೩ರಲ್ಲಿ ಒಳಗೆ ಯಂತ್ರವನ್ನಿಟ್ಟ ಕಹಳೆಯನ್ನು ಬಳಕೆಗೆ ತಂದರು. ಸೈನಿಕನು ಅದನ್ನು ತುಟಿಗೆ ಹಿಡಿದು ನಿಂತರೆ ಸಾಕು, ರಾಗವನ್ನು ಯಂತ್ರವೇ ನುಡಿಸುತ್ತದೆ. ದೇಶಕ್ಕಾಗಿ ಪ್ರಾಣ ತೆತ್ತವನಿಗೆ ಒಬ್ಬ ಮನುಷ್ಯನ ಉಸಿರನ್ನು ಕೂಡ ಕೊಡಲಾರದ ಸ್ಥಿತಿಯು ಶ್ರೀಮಂತ ರಾಷ್ಟ್ರಕ್ಕೂ ಬಂದೊದಗಿತು!

ಎರಡನೆಯ ಕಾರಣವು ನಮ್ಮ ದೇಶಕ್ಕೆ ವಿಶೇಷವಾದುದು. ಸಂಸ್ಥಾನಗಳ ವಿಲೀನವು ರಾಷ್ಟ್ರದ ಐಕ್ಯಕ್ಕೆ ಅತ್ಯವಶ್ಯಕವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸಂಸ್ಥಾನಗಳ ಸೈನ್ಯಗಳೊಡನೆ ಅವುಗಳ ವಾದ್ಯಪರಂಪರೆಗಳೂ ಚದರಿಹೋದುವು. ೧೯೧೮ರ ಸೆಪ್ಟೆಂಬರ್ ೨೩ರಂದು ಹೈಫಾ ನಗರವನ್ನು ಜೋಧಪುರದವರೊಡನೆ ಕೂಡಿ ಗೆದ್ದ ಮೈಸೂರು ಲ್ಯಾನ್ಸರ್ಸ್ ಅಶ್ವಪಡೆಯು ಸ್ವಾತಂತ್ರ್ಯಾನಂತರ, ೧೯೫೩ರಲ್ಲಿ ರಚಿತವಾದ ೬೧ನೆಯ ಅಶ್ವದಳದಲ್ಲಿ ಸೇರಿಹೋಯಿತು. ಮೈಸೂರಿನ ಪದಾತಿಯು ಮದ್ರಾಸ್ ರೆಜಿಮೆಂಟಿನ ೧೮ನೆಯ ಪಡೆಯಾಗಿ ಉಳಿಯಿತು. ಶೌರ್ಯದ ಪರಂಪರೆಯನ್ನು ಕಲ್ಲಿನ ಸ್ಮಾರಕಗಳೂ ಪಡೆಯ ದಾಖಲೆಗಳೂ ಕಾಯ್ದುಕೊಳ್ಳುತ್ತವೆ. ನಾದದ ಪರಂಪರೆಯನ್ನು ಕಾಯುವ ಕಲ್ಲು ಯಾವುದೂ ಇಲ್ಲ. ಅದು ಒಬ್ಬನ ತುಟಿಯಿಂದ ಇನ್ನೊಬ್ಬನ ತುಟಿಗೆ, ಕೈಬರಹದ ಸ್ವರಪುಸ್ತಕದಿಂದ ಇನ್ನೊಂದು ಕೈಬರಹಕ್ಕೆ ದಾಟಬೇಕು. ಒಂದು ತಲೆಮಾರು ತಪ್ಪಿದರೆ ತಪ್ಪಿತು.

ಮೈಸೂರಿನ ಅರಮನೆಯ ಬ್ಯಾಂಡುಗಳು ಪುಣ್ಯವಶಾತ್ ಪೂರ್ಣವಾಗಿ ನಾಶವಾಗಲಿಲ್ಲ. ಅವುಗಳನ್ನು ಸರಕಾರವು ಪೊಲೀಸ್ ಇಲಾಖೆಗೆ ಒಪ್ಪಿಸಿತು. ಇಂಗ್ಲಿಷ್ ಬ್ಯಾಂಡು, ಕರ್ನಾಟಕ ಬ್ಯಾಂಡು ಎಂಬ ಹಳೆಯ ಹೆಸರುಗಳಿಂದಲೇ ಅವು ಉಳಿದುಬಂದಿವೆ. ದಸರೆಯ ಕಾಲದಲ್ಲಿ ಅರಮನೆಯ ಅಂಗಳದಲ್ಲಿಯೂ ಬನ್ನಿಮಂಟಪದ ಪಂಜಿನ ಕವಾಯತಿನಲ್ಲಿಯೂ ಪೊಲೀಸ್ ಬ್ಯಾಂಡನ್ನು ಕೇಳಿದವರು ಅದರ ಘನತೆಯನ್ನು ಬಲ್ಲರು. ಆದರೆ ಕಲೆಗಾರನನ್ನು ಕಾವಲಿನ ಇಲಾಖೆಯಲ್ಲಿಟ್ಟರೆ ಅವನ ಕಲೆಗೆ ಎರಡನೆಯ ಸ್ಥಾನವೇ ದೊರೆಯುವ ಅಪಾಯವು ಸದಾ ಇದ್ದೇ ಇರುತ್ತದೆ. ಹತ್ತು ದಿನಗಳ ಉತ್ಸವಕ್ಕೆ ಮಾತ್ರ ಅವರನ್ನು ನೆನೆದು ಉಳಿದ ದಿನಗಳಲ್ಲಿ ಮರೆತುಬಿಡುವುದು ವರ್ಷಕ್ಕೊಮ್ಮೆ ಮಾತ್ರ ಗಿಡಕ್ಕೆ ನೀರೆರೆದಂತೆ.

ಮೂರನೆಯ ಕಾರಣವು ಕಲ್ಲಡ್ಕದ ಬೀದಿಯಲ್ಲಿ ನಾವು ಕಂಡುದು. ಊದುವ ಹತ್ತು ಜನರಿಗೆ ಕೊಡುವ ಸಂಭಾವನೆಗೆ ಬದಲಾಗಿ ಒಂದು ಧ್ವನಿಪೆಟ್ಟಿಗೆಯ ಲಾರಿಯನ್ನು ತಂದರೆ ಸದ್ದು ಹತ್ತುಮಡಿಯಾಗುತ್ತದೆಯೆಂಬ ಲೆಕ್ಕಾಚಾರವು ಉತ್ಸವ ಸಮಿತಿಗಳಲ್ಲಿ ಗೆಲ್ಲುತ್ತಿದೆ. ದೊಡ್ಡ ಡೋಲುಗಳ ನಾಸಿಕ್ ಬ್ಯಾಂಡೆಂಬುದೂ ಘಟ್ಟದ ಮೇಲಿನಿಂದ ಇಳಿದುಬಂದಿದೆ. ಅದರಲ್ಲಿ ಉತ್ಸಾಹಕ್ಕೆ ಕೊರತೆಯಿಲ್ಲ; ಸ್ವರಕ್ಕೆ ಮಾತ್ರ ಎಡೆಯಿಲ್ಲ. ಸದ್ದನ್ನೂ ನಾದವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವ ಜನಕ್ಕೆ ಸದ್ದೇ ಅಗ್ಗವಾಗಿ ಕಾಣುವುದು ಸಹಜ. ಅದರ ನಿಜವಾದ ಬೆಲೆಯನ್ನು ತೆರುವವರು ಬೀದಿಬದಿಯ ಮನೆಗಳಲ್ಲಿ ಮಲಗಿದ ರೋಗಿಗಳು, ಶಿಶುಗಳು, ಪರೀಕ್ಷೆಗೆ ಓದುತ್ತಿರುವ ಮಕ್ಕಳು.

ಒಂದು ಆಕ್ಷೇಪ

“ಇದು ದಾಸ್ಯದ ಕುರುಹು, ಹೋದರೆ ಹೋಗಲಿ” ಎನ್ನುವ ದೇಶಾಭಿಮಾನಿಗಳಿದ್ದಾರೆ. ಅವರ ಮಾತನ್ನು ನಾವು ಲಘುವಾಗಿ ತಳ್ಳಿಹಾಕಲಾರೆವು. ಅರಸರ ಹುಟ್ಟುಹಬ್ಬದಂದು ಆಂಗ್ಲರ ಗೀತೆಯನ್ನು ನಮ್ಮವರ ಬಾಯಿಂದ ಊದಿಸಿದ ಇತಿಹಾಸವು ಸುಳ್ಳಲ್ಲ. ಬೆಂಗಳೂರಿನ ದಂಡು ಪ್ರದೇಶದಲ್ಲಿ ಬ್ಯಾಂಡು ನುಡಿಯುತ್ತಿದ್ದುದು ಮುಖ್ಯವಾಗಿ ಆಳುವವರ ವಿನೋದಕ್ಕಾಗಿ. ಆದರೆ ದಾಸ್ಯವು ವಾದ್ಯದಲ್ಲಿರುವುದೋ ನುಡಿಸುವವನ ಮನಸ್ಸಿನಲ್ಲಿರುವುದೋ? ನೇತಾಜಿ ಸುಭಾಷಚಂದ್ರ ಬೋಸರ ಆಜಾದ್ ಹಿಂದ್ ಸೇನೆಯಲ್ಲಿ ನಡಿಗೆಯ ಹಾಡುಗಳಿಗೆ ರಾಗವನ್ನು ಕೂಡಿಸಿದ ರಾಮಸಿಂಗ್ ಠಾಕೂರಿಯವರು ಆಂಗ್ಲರ ಗೂರ್ಖಾ ಪಲ್ಟಣದಲ್ಲಿಯೇ ಬ್ಯಾಂಡನ್ನು ಕಲಿತವರು. ಪರರ ಕಹಳೆಯಲ್ಲಿ ಸ್ವಾತಂತ್ರ್ಯವನ್ನೂ ಊದಬಹುದೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ನಿದರ್ಶನವೇನು ಬೇಕು?

ಸ್ವತಂತ್ರ ಭಾರತದ ಸೈನ್ಯವು ಈ ತತ್ತ್ವವನ್ನು ಬೇಗನೆ ಅರಿತುಕೊಂಡಿತು. ಕೊಡಗಿನ ಸುಪುತ್ರರಾದ ಜನರಲ್ ಕಾರ್ಯಪ್ಪನವರು ೧೯೪೯ರ ಜನವರಿ ೧೫ರಂದು ಸೇನಾಧಿಪತ್ಯವನ್ನು ವಹಿಸಿಕೊಂಡ ಬಳಿಕ, ಅವರ ಪ್ರೋತ್ಸಾಹದಿಂದ ೧೯೫೦ರಲ್ಲಿ ಪಚ್‌ಮಡಿಯಲ್ಲಿ ಸೈನಿಕ ಸಂಗೀತದ ಶಾಲೆಯು ಆರಂಭವಾಯಿತು. ಅಂದಿನಿಂದ ಭಾರತೀಯ ಮಟ್ಟುಗಳು ಕ್ರಮಕ್ರಮವಾಗಿ ಕವಾಯತಿನ ಬಯಲನ್ನು ಆಕ್ರಮಿಸಿಕೊಂಡುವು. ೨೦೨೨ರಲ್ಲಿ ದೆಹಲಿಯ ವಿಜಯ ಚೌಕದ ಸಮಾರೋಪದಿಂದ, ಗಾಂಧೀಜಿಯವರಿಗೆ ಪ್ರಿಯವಾಗಿದ್ದ ಕ್ರೈಸ್ತ ಪ್ರಾರ್ಥನೆಯೊಂದನ್ನು ಕೈಬಿಟ್ಟಾಗ ದೇಶದಲ್ಲಿ ಎರಡು ಬಗೆಯ ಮಾತುಗಳೂ ಕೇಳಿಬಂದುವು. ಯಾವ ಮಟ್ಟು ಇರಬೇಕು, ಯಾವುದು ಹೋಗಬೇಕೆಂಬುದನ್ನು ಕುರಿತು ಜನರು ವಾದಿಸಲಿ. ವಾದಿಸುವುದು ಜೀವಂತಿಕೆಯ ಲಕ್ಷಣ. ನುಡಿಸುವವನೇ ಇಲ್ಲವಾದರೆ ಆ ವಾದಕ್ಕೂ ಅವಕಾಶವುಳಿಯದು.

ಆಗಬೇಕಾದುದೇನು?

ಬರಿಯ ಶೋಕದಿಂದ ಪ್ರಯೋಜನವಿಲ್ಲ. ಕೆಲವು ಕಾರ್ಯಗಳು ಸರಕಾರದಿಂದ ಆಗತಕ್ಕವು. ಕೆಲವು ನಮ್ಮಿಂದಲೇ ಆಗತಕ್ಕವು. ಸರಕಾರವು ಪೊಲೀಸ್ ಬ್ಯಾಂಡಿನ ವಾದಕರನ್ನು ವಾದಕರೆಂದೇ ನೇಮಿಸಿ, ಅವರ ಅಭ್ಯಾಸದ ಹೊತ್ತನ್ನು ಬೇರೆ ಬಂದೋಬಸ್ತಿನ ಕೆಲಸಗಳು ನುಂಗದಂತೆ ನೋಡಿಕೊಳ್ಳಬೇಕು. ತೆರವಾದ ಸ್ಥಾನಕ್ಕೆ ಹೊಸಬನು ಬರುವ ಮುನ್ನ ಹಳಬನು ನಿವೃತ್ತನಾಗಿ ಹೋದರೆ, ಪಾಠವನ್ನು ಯಾರು ಯಾರಿಗೆ ಹೇಳಬೇಕು? ಅರಮನೆಯ ಮೇಳಗಳ ಕೈಬರಹದ ಸ್ವರಪುಸ್ತಕಗಳು ಎಲ್ಲೆಲ್ಲಿ ಉಳಿದಿವೆಯೋ ಅವನ್ನೆಲ್ಲ ಕಲೆಹಾಕಿ, ಪ್ರತಿಮಾಡಿ, ವೆಂಕಟಗಿರಿಯಪ್ಪನವರ ನಗ್ಮಗಳನ್ನೂ ಸಂಸ್ಥಾನಗೀತೆಯ ಬ್ಯಾಂಡಿನ ಪಾಠವನ್ನೂ ಮುದ್ರಿಸಿ ಪ್ರಕಟಿಸುವ ಕೆಲಸವನ್ನು ಮೈಸೂರಿನ ವಿದ್ಯಾಸಂಸ್ಥೆಗಳು ಕೈಕೊಳ್ಳಬಹುದು. ನಾಡಗೀತೆಯ ಧಾಟಿಯನ್ನು ಸರಕಾರವು ೨೦೨೨ರಲ್ಲಿ ನಿಶ್ಚಯಿಸಿ, ಎರಡೂವರೆ ನಿಮಿಷಗಳ ಅವಧಿಯನ್ನೂ ಗೊತ್ತುಪಡಿಸಿದೆ. ಅದನ್ನು ಪ್ರತಿಯೊಂದು ಜಿಲ್ಲೆಯ ಬ್ಯಾಂಡೂ ಒಂದೇ ಶ್ರುತಿಯಲ್ಲಿ, ಒಂದೇ ಕ್ರಮದಲ್ಲಿ ನುಡಿಸಬಲ್ಲುದಾಗಬೇಕು. ಸ್ಕೂಟಾರಿಯ ನಗೆಪಾಟಲು ನಮಗೆ ಬೇಡ.

ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ಬ್ಯಾಂಡಿಗೆಂದೇ ಕಟ್ಟಿದ ಎರಕದ ಕಬ್ಬಿಣದ ಮಂಟಪವು ಈಗಲೂ ನಿಂತಿದೆ. ಅಂತಹ ಮಂಟಪಗಳು ನೋಟಕ್ಕೆ ಮಾತ್ರ ಸಲ್ಲುವ ಅವಶೇಷಗಳಾಗಬಾರದು. ಮಂಗಳೂರಿನ ಕದ್ರಿಯ ಉದ್ಯಾನದಲ್ಲಿ ತಿಂಗಳಿಗೊಂದು ಸಂಜೆ ಪೊಲೀಸ್ ಬ್ಯಾಂಡು ನುಡಿಯಲಿ. ಗೋಪಾಲನಾಥರ ಹೆಸರಿನೊಡನೆ ಸೇರಿಹೋದ ಆ ಸ್ಥಳದಲ್ಲಿ ಸ್ಯಾಕ್ಸೊಫೋನಿನ ದನಿಯು ಬಯಲಿನಲ್ಲಿ ಕೇಳಿಬರುವುದು ಅವರಿಗೆ ಸಲ್ಲತಕ್ಕ ಸ್ಮಾರಕವೂ ಹೌದು.

ಇನ್ನು ನಮ್ಮ ಪಾಲಿನ ಕೆಲಸ. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಸೀಮೆಯಲ್ಲಿ ಶಾಲೆಗಳಿಗೆ ಕೊರತೆಯಿಲ್ಲ. ಅವುಗಳನ್ನು ನಡೆಯಿಸುವವರಲ್ಲಿ ಉತ್ಸಾಹಕ್ಕೂ ಕೊರತೆಯಿಲ್ಲ. ಪ್ರತಿಯೊಂದು ದೊಡ್ಡ ಶಾಲೆಯೂ ಇಪ್ಪತ್ತು ಮಕ್ಕಳ ಒಂದು ಮೇಳವನ್ನು ಕಟ್ಟಿ, ನಿವೃತ್ತರಾದ ಬ್ಯಾಂಡಿನವರನ್ನು ಗುರುಗಳನ್ನಾಗಿ ಕರೆದು ತರಲಿ. ಹುಲಿವೇಷದ ತಾಸೆಯ ಗತ್ತು, ಯಕ್ಷಗಾನದ ಚೆಂಡೆಯ ನಡೆ, ಕೊಡವರ ವಾಲಗದ ಕುಣಿತ, ಇವುಗಳಲ್ಲಿ ನಡಿಗೆಗೆ ಒದಗುವ ತಾಳಗಳು ಎಷ್ಟಿಲ್ಲ? ಅವುಗಳನ್ನು ಹಿತ್ತಾಳೆಯ ವಾದ್ಯಗಳಿಗೆ ಅಳವಡಿಸಬಲ್ಲ ಪ್ರತಿಭೆಯು ನಮ್ಮ ಹುಡುಗರಲ್ಲಿಯೇ ಇರಬಹುದು. ಸಜಿಪದಲ್ಲಿ ಒಮ್ಮೆ ಹುಟ್ಟಿದುದು ಇನ್ನೊಮ್ಮೆ ಹುಟ್ಟಲಾರದೆಂದು ಹೇಳುವವರಾರು?

ಉತ್ಸವ ಸಮಿತಿಗಳ ಹಿರಿಯರಲ್ಲಿ ನಮ್ಮದು ಒಂದೇ ವಿಜ್ಞಾಪನೆ. ಧ್ವನಿಪೆಟ್ಟಿಗೆಯನ್ನು ಪೂರ್ಣವಾಗಿ ವರ್ಜಿಸುವುದು ನಿಮಗೆ ಅಸಾಧ್ಯವಾದರೆ, ಮೆರವಣಿಗೆಯ ಕ್ರಮವನ್ನಾದರೂ ಬದಲಿಸಿರಿ. ಊರಿನ ಬ್ಯಾಂಡಿನವರನ್ನು ಮುಂದಕ್ಕೆ ಕರೆಯಿರಿ. ಅವರು ನುಡಿಸುವಷ್ಟು ಹೊತ್ತು ಯಂತ್ರ ಸುಮ್ಮನಿರಲಿ. ಹತ್ತು ನಿಮಿಷಗಳ ಈ ಮರ್ಯಾದೆಗೆ ಹಣದ ವೆಚ್ಚವೇನೂ ಇಲ್ಲ.

ಅಂದು ಸಂಜೆ ಮೆರವಣಿಗೆಯು ಕಲ್ಲಡ್ಕದ ಮೇಲ್ಸೇತುವೆಯ ಕೆಳಗಣ ಹಾದಿಯನ್ನು ದಾಟಿ ಮುಂದೆ ಸಾಗಿದ ಬಳಿಕ, ಪೇಟೆಯಲ್ಲಿ ಸ್ವಲ್ಪ ಹೊತ್ತು ನಿಶ್ಶಬ್ದವಾಯಿತು. ಬೆಂಚಿನ ಮೇಲಿದ್ದ ವೃದ್ಧರು ಚಹದ ಲೋಟವನ್ನು ಕೆಳಗಿಟ್ಟು, ವಾದ್ಯವನ್ನೆತ್ತಿ, ತಾವು ಎಳವೆಯಲ್ಲಿ ಕಲಿತ ಒಂದು ನಡಿಗೆಯ ಮಟ್ಟನ್ನು ಮೆಲ್ಲನೆ ಊದಿದರು. ಅಂಗಡಿಯ ಕೆಲಸದ ಹುಡುಗನೊಬ್ಬನು ತೊಳೆಯುತ್ತಿದ್ದ ಲೋಟವನ್ನು ಕೈಯಲ್ಲಿಯೇ ಹಿಡಿದುಕೊಂಡು ಬಾಗಿಲಿಗೆ ಬಂದು ನಿಂತನು. ಮಟ್ಟು ಮುಗಿಯುವವರೆಗೂ ಅವನು ಕದಲಲಿಲ್ಲ. “ಇದಕ್ಕೆ ಏನು ಹೆಸರು, ಅಜ್ಜ?” ಎಂದು ಕೇಳಿದನು. ಆ ಪ್ರಶ್ನೆಗೆ ಉತ್ತರ ಹೇಳುವವರು ನಮ್ಮ ಸೀಮೆಯಲ್ಲಿ ಇನ್ನೂ ಇರುವಾಗಲೇ ನಾವು ಎಚ್ಚರಗೊಳ್ಳತಕ್ಕದ್ದು.